ತೆನೆಯಲ್ಲ, ಬುಡ ನೋಡಿ

ಹೂದಾನಿಗಳಲ್ಲಿ, ಫೋಟೋಗಳ ಹಿನ್ನೆಲೆಯಲ್ಲಿ ಬೆಳ್ಳಿ ಬಣ್ಣದ ಉದ್ದನೆಯ ಒಣ ತೆನೆಗಳನ್ನು ನೀವೂ ನೋಡಿರುತ್ತೀರಿ. ಮುಟ್ಟಿದರೆ ಬೆಕ್ಕಿನ ಬಾಲದಷ್ಟು ಮೆತ್ತಗೆ. ಅದು ಪಾಂಪಾಸ್ ಹುಲ್ಲು, ಹುಟ್ಟೂರು ದಕ್ಷಿಣ ಅಮೆರಿಕ. ಚೆಂದಕ್ಕೆಂದು ತೋಟಗಳಿಗೆ ತಂದ ಈ ಹುಲ್ಲು ಕ್ಯಾಲಿಫೋರ್ನಿಯಾ, ಸ್ಪೇನ್, ನ್ಯೂಜಿಲೆಂಡ್‌ಗಳಲ್ಲಿ ಬೇಲಿ ದಾಟಿ ಕಾಡು, ಕಡಲತೀರಗಳಿಗೆ ನುಗ್ಗಿದೆ.

ಗುರುತಿಸೋದು ಸುಲಭ ಅನ್ನಿಸುತ್ತದೆ, ಅಲ್ವಾ? ಜನ ಎಡವುವುದೇ ಇಲ್ಲಿ. ನ್ಯೂಜಿಲೆಂಡ್‌ನಲ್ಲಿ ಟೋಯ್‌ಟೋಯ್ ಅನ್ನುವ ಅಲ್ಲಿನದೇ ಹುಲ್ಲಿದೆ. ದೂರದಿಂದ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನ ಟೋಯ್‌ಟೋಯ್‌ನ ಕಡ್ಡಿಗಳನ್ನು ಮನೆಯ ಒಳಗೋಡೆಗೆ ಬಳಸುತ್ತಿದ್ದರು, ಗರಿಗಳಿಂದ ಬುಟ್ಟಿ ಹೆಣೆಯುತ್ತಿದ್ದರು. ಪಾಂಪಾಸ್ ಅಂದುಕೊಂಡು ಇದನ್ನು ಕಿತ್ತರೆ, ಕಳೆ ಉಳಿಯಿತು, ಆ ನೆಲದ್ದೇ ಆದ ಗಿಡ ಹೋಯಿತು.

ಅದಕ್ಕೇ ತೆನೆ ಬಿಟ್ಟು ಬುಡದ ಹತ್ತಿರ ಕೂತು ನೋಡಬೇಕು. ಕೈಗವಸು ಹಾಕಿಕೊಂಡೇ ಕೂರಿ. ಪಾಂಪಾಸ್ ಗರಿಯ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿವೆ, ಸುಮ್ನೆ ಸವರಿದರೂ ಬೆರಳು ಕುಯ್ಯುತ್ತದೆ. ಅದರ ಹಳೇ ಒಣಗರಿಗಳು ಬುಡದಲ್ಲಿ ಸುರುಳಿ ಸುತ್ತಿಕೊಂಡಿರುತ್ತವೆ, ಬಡಗಿ ಉಜ್ಜುಗೊರಡು ಹಿಡಿದಾಗ ಏಳುವ ಮರದ ಸಿಪ್ಪೆಯ ಹಾಗೆ. ಟೋಯ್‌ಟೋಯ್ ಬುಡದಲ್ಲಿ ಈ ಸುರುಳಿ ಇರುವುದಿಲ್ಲ. ಒಂದು ಹಸಿ ಗರಿಯನ್ನು ಜೋರಾಗಿ ಜಗ್ಗಿ. ಪಾಂಪಾಸ್ ಆದರೆ ಪಟ್ಟನೆ ತುಂಡಾಗುತ್ತದೆ. ಟೋಯ್‌ಟೋಯ್ ಅಷ್ಟು ಸುಲಭಕ್ಕೆ ತುಂಡಾಗುವುದಲ್ಲ. ತೆನೆಯಲ್ಲೂ ಸುಳಿವಿದೆ ಅನ್ನಿ: ಪಾಂಪಾಸ್‌ನದು ನೆಟ್ಟಗೆ ನಿಲ್ಲುತ್ತದೆ, ಟೋಯ್‌ಟೋಯ್‌ನದು ಒಂದು ಕಡೆಗೆ ಬಾಗಿ ತೂಗುತ್ತದೆ.

ಪಾಂಪಾಸ್ ಇಷ್ಟು ಬೇಗ ಹಬ್ಬಲು ಕಾರಣ ಬೀಜ. ಒಂದೇ ತೆನೆಯಲ್ಲಿ 1 ಲಕ್ಷದವರೆಗೂ ಇರಬಹುದು. ಗಾಳಿ ಬೀಸಿದರೆ ಎಷ್ಟೋ ಕಿಲೋಮೀಟರ್ ದೂರ ಹೋಗಿ ಬೀಳುತ್ತವೆ. ಇದರ ಹತ್ತಿರದ ನೆಂಟ ನೇರಳೆ ಪಾಂಪಾಸ್‌ನದು ಇನ್ನೂ ವಿಚಿತ್ರ. ಅದರಲ್ಲಿ ಎಲ್ಲವೂ ಹೆಣ್ಣು ಗಿಡಗಳೇ. ಪರಾಗದ ಹಂಗೇ ಇಲ್ಲದೆ ಬೀಜ ಕಟ್ಟುತ್ತದೆ. ಅಂದರೆ ತೋಟದಲ್ಲಿ ಒಂಟಿ ಗಿಡ ಇದ್ದರೂ ಸಾಕು, ಬೆಟ್ಟ ತುಂಬಬಹುದು. ಐರೋಪ್ಯ ಒಕ್ಕೂಟ 2019ರಲ್ಲಿ ಅದನ್ನು ನಿಷೇಧಿತ ಗಿಡಗಳ ಪಟ್ಟಿಗೆ ಸೇರಿಸಿತು.

ಬೀಜ ಬಿದ್ದ ಕಡೆ ಆಳೆತ್ತರ ಮೀರಿದ ಹಿಂಡು ಏಳುತ್ತದೆ. ಅದರ ನೆರಳಲ್ಲಿ ಮರದ ಸಸಿಗಳು ಮೇಲೇಳುವುದಿಲ್ಲ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಬೆಂಕಿ. ವರ್ಷ ವರ್ಷದ ಒಣಗರಿ ಬುಡದಲ್ಲೇ ರಾಶಿ ಬಿದ್ದಿರುತ್ತದೆ, ಒಂದು ಕಿಡಿ ತಾಗಿದರೆ ಧಗ್ಗನೆ ಹೊತ್ತಿಕೊಳ್ಳುತ್ತದೆ. ಸುತ್ತಲಿನ ಗಿಡಗಳು ಸುಟ್ಟುಹೋದ ಮೇಲೂ ಪಾಂಪಾಸ್ ಬುಡದಿಂದ ಮತ್ತೆ ಚಿಗುರುತ್ತದೆ.

ಬರೀ ಕೊಯ್ದರೆ ಪ್ರಯೋಜನವಿಲ್ಲ. ಬೀಜ ಬಲಿಯುವ ಮೊದಲೇ ತೆನೆ ಕತ್ತರಿಸಬೇಕು, ಆಮೇಲೆ ಬುಡಸಮೇತ ಅಗೆದು ತೆಗೆಯಬೇಕು. ಮನೆಯ ಹೂದಾನಿಯಲ್ಲಿರುವ ಒಣ ತೆನೆ ಹಳತಾದರೆ ಅಂಗಳದಲ್ಲಿ ಕೊಡವಬೇಡಿ. ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ ಎಸೆಯಿರಿ.