ಒಂಬತ್ತನೇ ಸಿಂಫನಿ: ಕೋರಸ್‌ನವರು ಅಷ್ಟು ಹೊತ್ತು ಸುಮ್ಮನೆ ಕೂರುವುದೇಕೆ?

ಪ್ರಶ್ನೆ: ಬೀಥೋವನ್‌ನ ಒಂಬತ್ತನೇ ಸಿಂಫನಿಯ ವಿಡಿಯೊ ನೋಡಿದೆ. ನೂರು ಜನ ಗಾಯಕರು ಮುಕ್ಕಾಲು ಗಂಟೆ ಬಾಯಿ ಬಿಡದೆ ಕೂತಿದ್ದರು. ಹಾಡುವ ಹೊತ್ತಿಗೆ ಬಂದರೆ ಸಾಲದೆ?

ಉತ್ತರ: ಸಾಲುತ್ತದೆ, ಆದರೆ ಒಳಗೆ ಬರುವುದಕ್ಕೆ ಸರಿಯಾದ ಜಾಗವೇ ಸಿಗುವುದಿಲ್ಲ.

ಸಿಂಫನಿ ಎಂದರೆ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ. ಇದು ಸುಮಾರು 65ರಿಂದ 70 ನಿಮಿಷದ್ದು, ನಾಲ್ಕು ಭಾಗ. ಮೊದಲ ಮೂರರಲ್ಲಿ ವಾದ್ಯಗಳಷ್ಟೇ. ಮೂರನೆಯದು ನಿಧಾನಗತಿಯದು, ಮೆಲ್ಲಗೆ ಮುಗಿಯುತ್ತದೆ. ನಾಲ್ಕನೆಯದು ಕರ್ಕಶ ಅಬ್ಬರದಿಂದ ಸಿಡಿಯುತ್ತದೆ. ಆ ಪೆಟ್ಟು ತಾಗಬೇಕಾದರೆ ನಡುವೆ ಬಿಡುವು ಇರಬಾರದು. ನೂರು ಜನ ಮೆಟ್ಟಿಲು ಹತ್ತಿ, ಕುರ್ಚಿ ಎಳೆದು ಕೂರುವಷ್ಟರಲ್ಲಿ ಸಭೆಯಲ್ಲಿ ಕೆಮ್ಮು, ಪಿಸುಮಾತು ಶುರುವಾಗಿ ಎಲ್ಲ ಕೆಡುತ್ತದೆ.

ನಾಲ್ಕನೆಯ ಭಾಗದಲ್ಲೂ ತಕ್ಷಣ ಹಾಡಿಲ್ಲ. ಹಿಂದಿನ ಮೂರೂ ಭಾಗಗಳ ತುಣುಕುಗಳು ಒಂದೊಂದಾಗಿ ಬರುತ್ತವೆ. ಚೆಲೊ, ಡಬಲ್ ಬಾಸ್ ಎಂಬ ತಗ್ಗು ದನಿಯ ತಂತಿವಾದ್ಯಗಳು ಮಾತಾಡಿದ ಹಾಗೆ ನುಡಿದು ಒಂದೊಂದನ್ನೂ ತಳ್ಳಿಹಾಕುತ್ತವೆ. ಆಮೇಲೆ ಅವೇ, ಪಕ್ಕವಾದ್ಯವಿಲ್ಲದೆ, ತೀರಾ ಮೆಲ್ಲಗೆ ‘ಓಡ್ ಟು ಜಾಯ್’ ಎಂದು ಪ್ರಸಿದ್ಧವಾದ ಧಾಟಿಯನ್ನು ಎತ್ತಿಕೊಳ್ಳುತ್ತವೆ. ನಮ್ಮ ಸ್ವರಗಳಲ್ಲಿ ಬರೆದರೆ ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ, ಗ ರಿ ರಿ, ಶಂಕರಾಭರಣದ ಸ್ವರಗಳೇ. ಮೂರನೇ ಸಾಲಿನ ಕೊನೆಯಲ್ಲಿ ಒಮ್ಮೆ ಮಂದ್ರ ಪಂಚಮಕ್ಕೆ ಇಳಿಯುತ್ತದೆ, ಅಲ್ಲಿಂದ ನಾಲ್ಕನೇ ಸಾಲಿನ ಗಾಂಧಾರ ಒಂದು ಎಣಿಕೆ ಮುಂಚೆಯೇ ಹಾರಿಬರುತ್ತದೆ. ಗುನುಗುವವರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಧಾಟಿ ಇಡೀ ವಾದ್ಯವೃಂದಕ್ಕೆ ಹಬ್ಬಿ, ಮತ್ತೆ ಅದೇ ಅಬ್ಬರ ಬಂದ ಮೇಲೆ ಬ್ಯಾರಿಟೋನ್ (ಗಂಡಸರ ನಡುಮಟ್ಟದ ದನಿಯ) ಗಾಯಕ ಎದ್ದು ‘ಗೆಳೆಯರೇ, ಈ ನಾದ ಬೇಡ’ ಎಂದು ಹಾಡುತ್ತಾನೆ. ಈ ಮಾತು ಬೀಥೋವನ್‌ನದೇ. ಜರ್ಮನ್ ಕವಿ ಷಿಲರ್‌ನ ಕವಿತೆ ಶುರುವಾಗುವುದು ಆನಂತರ.

ಹಾಗಾಗಿ ರೂಢಿ ಎರಡು. ಒಂದು, ಕೋರಸ್ ಮೊದಲಿನಿಂದಲೂ ಕೂತಿರುವುದು. ಇನ್ನೊಂದು, ಎರಡನೇ ಭಾಗ ಮುಗಿದ ಮೇಲೆ ಒಳಬರುವುದು. ಸೋಲೋ, ಅಂದರೆ ಒಂಟಿಯಾಗಿ ಹಾಡುವ ನಾಲ್ವರು ಹೆಚ್ಚಾಗಿ ಆಗಲೇ ಬರುತ್ತಾರೆ. ಬಂದರೆ ಚಪ್ಪಾಳೆ ಬೀಳುತ್ತದೆ, ಅದೊಂದು ರಗಳೆ. ಕೋರಸ್ ಮೊದಲಿನಿಂದ ಕೂತಿರುವುದೇ ಮೇಲು ಅನ್ನುವುದು ನಮ್ಮ ಅಭಿಪ್ರಾಯ.

ಅದಕ್ಕೂ ಬೆಲೆ ತೆರಬೇಕು. ಹೊರಡುವ ಮುನ್ನ ಗಂಟಲು ಹದ ಮಾಡಿಕೊಂಡಿದ್ದರೂ ಐವತ್ತು ನಿಮಿಷದಲ್ಲಿ ಅದು ಆರಿಹೋಗುತ್ತದೆ. ವೇದಿಕೆಯ ಮೇಲೆ ಗುನುಗುವಂತಿಲ್ಲ. ಬ್ಯಾರಿಟೋನ್ ಪಾಡು ಇನ್ನೂ ಕಷ್ಟ, ತಣ್ಣಗಿನ ಗಂಟಲಲ್ಲೇ ಒಬ್ಬನೇ ಮೊದಲು ಹಾಡಬೇಕು. ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯದವರಿಗೆ ಮೊದಲ ಮತ್ತು ಮೂರನೇ ಭಾಗಗಳಲ್ಲಿ ಕೆಲಸವೇ ಇಲ್ಲ. ವಾದ್ಯ ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಅದಕ್ಕೆ ಸದ್ದಿಲ್ಲದೆ ಕೊಳವೆಯೊಳಗೆ ಬಿಸಿಯುಸಿರು ಊದುತ್ತಿರುತ್ತಾರೆ. ಪಿಕೊಲೊ ಎಂಬ ಪುಟ್ಟ ಕೊಳಲು, ದೊಡ್ಡ ಡ್ರಮ್, ತಾಳ, ಟ್ರಯಾಂಗಲ್‌ಗಳಂತೂ ಕೊನೆಯ ಭಾಗಕ್ಕೆ ಮಾತ್ರ.

ಎದ್ದು ನಿಲ್ಲುವುದನ್ನೂ ತಾಲೀಮು ಮಾಡಿಸಬೇಕು. ಎರಡನೇ ಸಲದ ಅಬ್ಬರದಲ್ಲಿ ಎದ್ದರೆ ಕುರ್ಚಿಯ ಕಿರುಗುಟ್ಟು ಮುಚ್ಚಿಹೋಗುತ್ತದೆ. ಬ್ಯಾರಿಟೋನ್ ಹಾಡುವಾಗ ಎದ್ದರೆ ಸಭೆಯ ಕಣ್ಣೆಲ್ಲ ಅವನನ್ನು ಬಿಟ್ಟು ಕೋರಸ್ ಕಡೆ ತಿರುಗುತ್ತದೆ. ಇನ್ನೂ ತಡಮಾಡಿದರೆ, ಅವನು ‘ಫ್ರೊಯ್ಡ’ (ಜರ್ಮನ್‌ನಲ್ಲಿ ‘ಆನಂದ’) ಎಂದು ಕೂಗಿದ ಕೂಡಲೇ ಅದೇ ಪದದಿಂದ ಉತ್ತರಿಸಬೇಕಾದ ಕೋರಸ್‌ನ ಬಾಸ್ (ಗಂಡಸರ ತೀರಾ ತಗ್ಗಿನ) ದನಿಯವರು ಉಸಿರು ತೆಗೆದುಕೊಳ್ಳದೆಯೇ ಸಿಕ್ಕಿಬೀಳುತ್ತಾರೆ.

ನಿಜವಾಗಿ ಬೆವರಿಳಿಸುವುದು ಸೊಪ್ರಾನೊಗಳಿಗೆ, ಅಂದರೆ ಹೆಂಗಸರಲ್ಲಿ ಎತ್ತರದ ದನಿಯವರಿಗೆ. ಆಗ ಹೇಳಿದ ಧಾಟಿಯ ಷಡ್ಜವನ್ನೇ ಇಟ್ಟುಕೊಂಡರೆ ತಾರಸ್ಥಾಯಿಯ ಪಂಚಮವನ್ನು ಅವರು ಮತ್ತೆ ಮತ್ತೆ ಮುಟ್ಟಬೇಕು, ಒಂದು ಕಡೆ ಉದ್ದಕ್ಕೆ ಹಿಡಿದು ನಿಲ್ಲಿಸಲೂ ಬೇಕು. ಆಗ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಸ್ವರದಲ್ಲಿ ತೂತು ಬೀಳುತ್ತದೆ. ಅಕ್ಕಪಕ್ಕದವರು ಸರದಿಯ ಮೇಲೆ ಉಸಿರಾಡಬೇಕು. 1824ರ ಮೇ 7ರಂದು ವಿಯೆನ್ನಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಮುಂಚೆಯೇ ಸೋಲೋ ಗಾಯಕಿಯರು ಎತ್ತರ ತಗ್ಗಿಸಿ ಎಂದು ಕೇಳಿದ್ದರು. ಬೀಥೋವನ್ ಒಪ್ಪಲಿಲ್ಲ.