ಬಿದ್ದ ಮರದ ಸುತ್ತ ಏನೇನು ನಡೆಯುತ್ತದೆ: ಗೋವಾದ ಮೊಲೆಂ ಕಾಡಿನ ಉದಾಹರಣೆಯೊಂದಿಗೆ, ಪರೀಕ್ಷೆಗೆ ಓದುವವರಿಗೊಂದು ಟಿಪ್ಪಣಿ

ವಾಸ್ಕೊ, ಮಡಗಾಂವ್‌ನಿಂದ ರೈಲು ಹತ್ತಿ ಹುಬ್ಬಳ್ಳಿ ಕಡೆ ಊರಿಗೆ ಹೋಗುವ ನಮಗೆಲ್ಲ ಕುಳೆಂ ದಾಟಿದ ಮೇಲಿನ ಕಾಡು ಗೊತ್ತೇ ಇದೆ. ಮೊಲೆಂ ರಾಷ್ಟ್ರೀಯ ಉದ್ಯಾನ, ಭಗವಾನ್ ಮಹಾವೀರ ಅಭಯಾರಣ್ಯ ಎರಡೂ ಸೇರಿ ಸುಮಾರು 240 ಚದರ ಕಿ.ಮೀ. ಅಲ್ಲಿ ಒಂದು ಮತ್ತಿ ಮರ ಮಳೆಗಾಲದ ಗಾಳಿಗೆ ಬುಡಸಮೇತ ಉರುಳಿತು ಅಂದುಕೊಳ್ಳಿ.

ಮರ ಬಿದ್ದ ಕ್ಷಣದಿಂದಲೇ ಸಿಗುವುದು ಗೊಬ್ಬರವಲ್ಲ, ಬಿಸಿಲು. ನೆರಳಲ್ಲಿ ಬೆಳೆಯದೆ ಕುಗ್ಗಿ ನಿಂತಿದ್ದ ಸಸಿಗಳು ಎದ್ದುಬಿಡುತ್ತವೆ. ಮಣ್ಣಲ್ಲಿ ಸುಮ್ನೆ ಬಿದ್ದಿದ್ದ ಬೀಜಗಳು ಮೊಳೆಯುತ್ತವೆ. ಇಂಥ ಕಡೆ ಬೇಗ ಮೇಲೇಳುವ ಮರಗಳಲ್ಲಿ ಚಂದಕಲು ಒಂದು. ಕರಾವಳಿಯವರು ಉಪ್ಪಳಿಗೆ ಅನ್ನುತ್ತಾರೆ. ಗುರುತು ಸುಲಭ: ಅದರ ತೊಟ್ಟು ಎಲೆಯ ಅಂಚಿಗೆ ಸೇರುವುದಿಲ್ಲ, ಕೊಡೆಯ ಕೋಲಿನ ಹಾಗೆ ಒಳಭಾಗಕ್ಕೇ ಸೇರಿರುತ್ತದೆ. ಬೇರು ಕಿತ್ತ ಗುಂಡಿಯಲ್ಲಿ ನೀರು ನಿಲ್ಲುವುದೂ ಉಂಟು.

ಇನ್ನು ದಿಮ್ಮಿ. ತೊಗಟೆಯಡಿ ದುಂಬಿಯ ಮರಿಹುಳಗಳು ಸುರಂಗ ಕೊರೆಯುತ್ತವೆ, ಆ ದಾರಿಯಲ್ಲಿ ನೀರು ಮತ್ತು ಶಿಲೀಂಧ್ರ ಒಳಗೆ ಹೋಗುತ್ತವೆ. ಇಲ್ಲಿ ಎರಡು ಬಗೆಯ ಕೊಳೆತ ಜಾಸ್ತಿ ಗೊಂದಲ ಮಾಡುತ್ತವೆ. ಬಿಳಿ ಕೊಳೆತ ಕಟ್ಟಿಗೆಗೆ ಗಡಸುತನ ಕೊಡುವ ಲಿಗ್ನಿನ್ ಅನ್ನೂ ಒಡೆಯುತ್ತದೆ. ಕಟ್ಟಿಗೆ ಮಾಸಲು ಬಿಳಿಯಾಗಿ, ನಾರುನಾರಾಗಿ, ಮೆತ್ತಗಾಗುತ್ತದೆ. ಕಂದು ಕೊಳೆತ ಮುಖ್ಯವಾಗಿ ಕಟ್ಟಿಗೆಯ ನಾರಿನ ಅಂಶವಾದ ಸೆಲ್ಯುಲೋಸ್ ತಿಂದು ಲಿಗ್ನಿನ್ ಬಿಡುತ್ತದೆ. ಉಳಿದದ್ದು ಕಂದು ಬಣ್ಣದ ಚೌಕಚೌಕ ತುಂಡುಗಳಾಗಿ ಬಿರಿಯುತ್ತದೆ. ಅಗಲ ಎಲೆಯ ಮರಗಳಲ್ಲಿ ಬಿಳಿಯದೇ ಹೆಚ್ಚು. ಮಳೆಗಾಲದ ರಾತ್ರಿ ಮೊಲೆಂ ಮತ್ತು ಮಾದೇಯಿ ಕಾಡಿನ ಒದ್ದೆ ಕಟ್ಟಿಗೆಯ ಮೇಲೆ ಹಸಿರಾಗಿ ಹೊಳೆಯುವ ಮೈಸಿನಾ ಅಣಬೆಗಳ ಊಟವೂ ಈ ಸತ್ತ ಮರವೇ.

ನನಗೆ ಎಲ್ಲಕ್ಕಿಂತ ಸೊಗಸು ಅನ್ನಿಸುವುದು ಗೆದ್ದಲಿನ ಕೆಲಸ. ಹುತ್ತ ಕಟ್ಟುವ ನಮ್ಮ ಕಡೆಯ ಕೆಲವು ಗೆದ್ದಲುಗಳು ಕಟ್ಟಿಗೆಯನ್ನು ಅಗಿದು ನುಂಗಿ ಗೂಡಿಗೆ ಒಯ್ಯುತ್ತವೆ. ಹಿಕ್ಕೆಯಿಂದ ಜೇನುಹಲ್ಲೆಯಂಥ ರಂಧ್ರರಂಧ್ರದ ರಚನೆ ಕಟ್ಟಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆಸುತ್ತವೆ. ತಮಗೆ ಜೀರ್ಣವಾಗದ್ದನ್ನು ಅದರಿಂದ ಹದ ಮಾಡಿಸಿಕೊಂಡು ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ಗೋವಾದ ಮಾರುಕಟ್ಟೆಯಲ್ಲಿ ಕೈಸುಡುವ ಬೆಲೆಗೆ ಮಾರುವ ಅಳಮಿ ಇದರದ್ದೇ ಅಣಬೆ. ಅಂದರೆ ದಿಮ್ಮಿಯ ಸಾರವೆಲ್ಲ ಬಿದ್ದಲ್ಲೇ ಉಳಿಯುವುದಿಲ್ಲ, ಸ್ವಲ್ಪ ಹುತ್ತ ಸೇರುತ್ತದೆ.

ಪುಸ್ತಕಗಳಲ್ಲಿ ದಿಮ್ಮಿಯ ಮೇಲೆ ಸಾಲಾಗಿ ಎಳೆ ಮರಗಳು ನಿಂತ ಚಿತ್ರ ನೋಡಿರುತ್ತೀರಿ, ಅಲ್ವಾ? ಅದು ಬಹುಪಾಲು ಅಮೆರಿಕದ ವಾಯವ್ಯ ಕರಾವಳಿಯ ತಂಪು ಮಳೆಕಾಡಿನದು. ಅಲ್ಲಿ ದೊಡ್ಡ ದಿಮ್ಮಿ ಕರಗಲು ನೂರಾರು ವರ್ಷ ಹಿಡಿಯಬಹುದು. ನಮ್ಮ ಸೆಕೆ, ತೇವ, ಗೆದ್ದಲಿನ ನಡುವೆ ಅಷ್ಟು ಕಾಲ ಅದು ಉಳಿಯುವುದು ಕಷ್ಟ. ಹಾಗಾಗಿ ಆ ಚಿತ್ರವನ್ನೇ ಪಶ್ಚಿಮ ಘಟ್ಟಕ್ಕೆ ಅಂಟಿಸಬೇಡಿ.

ಇನ್ನೊಂದು ಮಾತು. ಕಟ್ಟಿಗೆಯಲ್ಲಿ ಇಂಗಾಲ ಧಾರಾಳ, ಸಾರಜನಕ ತೀರಾ ಕಮ್ಮಿ. ಅದನ್ನು ಕೊಳೆಸಲು ಶಿಲೀಂಧ್ರಗಳು ತಮ್ಮ ಎಳೆಗಳ ಮೂಲಕ ಸುತ್ತಲ ಮಣ್ಣಿನಿಂದಲೇ ಸಾರಜನಕ ಎಳೆದುಕೊಳ್ಳುತ್ತವೆ. ಆದ್ದರಿಂದ ಮೊದಮೊದಲು ದಿಮ್ಮಿ ಮಣ್ಣಿಗೆ ಕೊಡುವುದಕ್ಕಿಂತ ಹಿಡಿದಿಟ್ಟುಕೊಳ್ಳುವುದೇ ಜಾಸ್ತಿ ಇರಬಹುದು. ಕೊಳೆತ ಮುಂದುವರಿದ ಮೇಲೆ ಬಿಟ್ಟುಕೊಡುತ್ತದೆ. ಉತ್ತರದಲ್ಲಿ ಈ ಕ್ರಮವನ್ನು ತಪ್ಪದೆ ಬರೆಯಿರಿ.