ತೂಕ ನೋಡಿದರೆ ಸಾಲದು: ಮಕ್ಕಳ ಬೊಜ್ಜಿನ ಹಿನ್ನೆಲೆ

ಮಕ್ಕಳ ಬೊಜ್ಜಿನ ಮಾತು ಬಂದರೆ ಚಿಪ್ಸ್, ಮೊಬೈಲ್, ಆಟವಿಲ್ಲದ ಸಂಜೆ ಇಷ್ಟೇ ನೆನಪಾಗುತ್ತವೆ. ಅದು ಸುಳ್ಳಲ್ಲ. ಆದರೆ ನಮ್ಮ ಮಕ್ಕಳ ವಿಷಯದಲ್ಲಿ ತೊಂದರೆ ಎಷ್ಟೋ ಸಲ ಇನ್ನೂ ಮುಂಚೆ, ತಾಯಿಯ ಹೊಟ್ಟೆಯಲ್ಲೇ ಶುರುವಾಗಿರುತ್ತದೆ.

ಸ್ವಾತಂತ್ರ್ಯದ ನಂತರ ದಶಕಗಳ ಕಾಲ ಇದ್ದ ಚಿಂತೆ ಒಂದೇ, ಮಗು ಸೊರಗಬಾರದು. 1975ರಲ್ಲಿ ಅಂಗನವಾಡಿ ಬಂತು. ತೂಕ ಏರಿದರೆ ಎಲ್ಲರಿಗೂ ಸಮಾಧಾನ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರವರು ಮಿಷನ್ ಆಸ್ಪತ್ರೆ ಅಂತಾರೆ. ಅಲ್ಲಿ 1934ರಿಂದಲೇ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು, ಅಷ್ಟರಲ್ಲಿ ನಡುವಯಸ್ಸಿಗೆ ಬಂದಿದ್ದ ಆ ಮಕ್ಕಳನ್ನು ಹುಡುಕಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ಸಕ್ಕರೆ ಕಾಯಿಲೆಯ ಲೆಕ್ಕ ಬೇರೆ. ಅದು ಗಿಡ್ಡಕ್ಕೆ, ದುಂಡಗೆ ಹುಟ್ಟಿದವರಲ್ಲಿ ಹೆಚ್ಚು. ಅವರ ತಾಯಂದಿರ ತೂಕವೂ ಜಾಸ್ತಿ ಇತ್ತು. ಹಾಗಾದರೆ ತಾಯಿಯ ರಕ್ತದ ಸಕ್ಕರೆಯೇ ಕಾರಣವಿರಬಹುದೇ? ಇದನ್ನು ನೋಡಲೆಂದು 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಬಸುರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೇ ವರ್ಷಕ್ಕೇ ಕೊಬ್ಬು ಹೆಚ್ಚಿತ್ತು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೂಡ.

ಪುಣೆಯಲ್ಲಿ ಮಧುಮೇಹ ತಜ್ಞ ಡಾ. ಯಾಜ್ಞಿಕ್ ಅವರ ತಂಡ ಇನ್ನೊಂದನ್ನು ಕಂಡಿತು. ಅಲ್ಲಿನ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕಿಲೋ. ಮೈಯಲ್ಲಿ ಮಾಂಸಖಂಡ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. ಇಂಥ ಮಗುವಿಗೆ ಮುಂದೆ ಬೇಗ ಬೇಗ ತೂಕ ಏರಿದರೆ ಕೊಬ್ಬು ಹೊಟ್ಟೆ, ಲಿವರ್ ಕಡೆ ಸೇರುತ್ತದೆ. ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಕತ್ತಿನ ಹಿಂದೆ ಕಪ್ಪಾಗುವುದು ಇದರ ಒಂದು ಗುರುತು. ಎಷ್ಟೋ ಮನೆಗಳಲ್ಲಿ ಅದನ್ನು ಕೊಳೆ ಅಂದುಕೊಂಡು ಉಜ್ಜುತ್ತಾರೆ, ಪಾಪ.

2016–18ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 5ರಿಂದ 19 ವರ್ಷದವರಲ್ಲಿ ತೂಕ ಮೀರಿದವರು ನೂರಕ್ಕೆ 4–5. ಮಧುಮೇಹದ ಹೊಸ್ತಿಲಲ್ಲಿ ಇದ್ದವರು ಸುಮಾರು 10. ಅಂದರೆ ಸಣ್ಣಗೆ ಕಾಣುವ ಮಕ್ಕಳೂ ಇದರಲ್ಲಿದ್ದಾರೆ ಅಲ್ವಾ?

ಶಾಲೆಯಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿ ಮಾರಬಾರದೆಂಬ ನಿಯಮ 2020ರಲ್ಲಿ ಬಂತು. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ, ತಿಂಡಿ-ಪಾನೀಯಗಳಲ್ಲಿ ಎಷ್ಟು ಸಕ್ಕರೆ ಇದೆ ಎಂದು ತೋರಿಸುವ ಸಕ್ಕರೆ ಫಲಕ ಹಾಕಲು ಹೇಳಿತು. ಎರಡೂ ಬೇಕಾದವೇ. ಗರ್ಭಿಣಿಗೆ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುವ ಪರೀಕ್ಷೆಯೂ ಸರ್ಕಾರದ ಮಾರ್ಗಸೂಚಿಯಲ್ಲಿದೆ. ಹೆರಿಗೆ ಮುಗಿದ ಮೇಲೆ ಆ ವರದಿ ತಾಯಿ ಕಾರ್ಡಿನಲ್ಲೇ ಉಳಿಯಬಾರದು. ಶಾಲೆಗೆ ಬರುವ ಆರೋಗ್ಯ ತಂಡ ಮಗುವನ್ನು ನೋಡುವಾಗ ಅದು ಕೈಗೆ ಸಿಗುವಂತಿರಬೇಕು.